ಶಾಮಿಯಾನ ಬಿಟ್ಟು ಲೈನ್ ಮನೆಗೆ: ನಮ್ಮ ಜುಲೈ 16

ಕೊಡಗಿನಲ್ಲಿ ಜುಲೈ 16ಕ್ಕೆ ಶಾಮಿಯಾನ ಹಾಕಿಸಿದವರು ಯಾರಾದರೂ ಇದ್ದರೆ ನನ್ನ ಸಂಕಟ ಅವರಿಗೆ ಗೊತ್ತಾಗುತ್ತದೆ. ಕಾರ್ಮೆಲ್ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹಬ್ಬ ಅವತ್ತೇ. ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ನಮ್ಮ ಶಾಲೆಯ ಸಿಸ್ಟರ್‌ಗಳ ಸಂಘ ಅಪೋಸ್ತಲಿಕ್ ಕಾರ್ಮೆಲ್ ಶುರು ಮಾಡಿದ್ದೂ ಅವತ್ತೇ. ದಿನ ಬದಲಿಸುವ ಹಾಗಿಲ್ಲ. ಮಳೆಯೂ ನಮಗಾಗಿ ನಿಲ್ಲುವುದಿಲ್ಲ. ಒಂದು ವರ್ಷ ಶೀಟಿನ ಮೇಲೆ ಬೀಳುವ ಸದ್ದಿಗೆ ಅತಿಥಿಗಳ ಭಾಷಣ ಒಂದು ಅಕ್ಷರವೂ ಕೇಳಲಿಲ್ಲ. ಇನ್ನೊಂದು ವರ್ಷ ಹಿಂದಿನ ರಾತ್ರಿ ಮಳೆ ರಜೆ ಘೋಷಣೆಯಾಯಿತು. ಇನ್ನೂರು ಜನರ ಉಪ್ಪಿಟ್ಟಿಗೆ ತಂದ ರವೆ, ತರಕಾರಿ ನಮ್ಮ ಕೈಯಲ್ಲೇ ಉಳಿಯಿತು. ಶಾಮಿಯಾನ, ಮೈಕು, ಬಾಡಿಗೆ ವೇಷ ಎಲ್ಲ ಸೇರಿ ವರ್ಷಕ್ಕೆ ಸುಮಾರು 22 ಸಾವಿರ ನೀರಿಗೆ ಹೋಗುತ್ತಿತ್ತು. ನಿಜವಾಗಿಯೂ ನೀರಿಗೇ.

ನಾನು ಕನ್ನಡ ಮೇಷ್ಟ್ರು. ಈ ಕಾರ್ಯಕ್ರಮ ನನ್ನ ತಲೆಗೆ ಬಂದು ಹನ್ನೆರಡು ವರ್ಷವಾಯಿತು. ಪ್ರತಿ ವರ್ಷ ಅದೇ ನಾಟಕ ಬರೆಯುತ್ತಿದ್ದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಆಂಗ್ಲಿಕನ್ ಪಾದ್ರಿಯ ಮಗಳು ಸೋಫಿ ಲೀವ್ಸ್ ಕಥೊಲಿಕಳಾಗಿ, ಸಿಸ್ಟರ್ ಆಗಿ, ಕಲ್ಲಿಕೋಟೆಗೆ ಬಂದ ಕಥೆ. ಮುಂದೆ ಮದರ್ ವೆರೋನಿಕಾ ಆದವರು ಅವರೇ. ಬರೆದು ಬರೆದು ಒಂದು ವಿಷಯ ಚುಚ್ಚತೊಡಗಿತು. 1870ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರು ಸಿಸ್ಟರ್‌ಗಳಲ್ಲಿ ವೆರೋನಿಕಾ ಇರಲಿಲ್ಲ. ಅವರು ಫ್ರಾನ್ಸಿನಲ್ಲೇ ಉಳಿದರು, ಕಲಿಸುವವರನ್ನು ತಯಾರು ಮಾಡಿ ಕಳಿಸಿದರು. ಅಂಥವರ ಹೆಸರಲ್ಲಿ ನಾವು ಮಕ್ಕಳಿಗೆ ಗೌನು ಹಾಕಿಸಿ ಕುಣಿಸುತ್ತಿದ್ದೇವೆ! ಮಕ್ಕಳನ್ನೇ ಮೇಷ್ಟ್ರು ಮಾಡಿದರೆ ಹೇಗೆ ಅನ್ನಿಸಿತು.

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಹೋಗಿ ಹೆಂಗಸರಿಗೆ ಓದಲು ಕಲಿಸುವುದು. ಇಷ್ಟೇ ಯೋಜನೆ. ಸ್ಟಾಫ್ ರೂಮಿನಲ್ಲಿ ನಕ್ಕರು. "ಸಾರ್, ನಿಮ್ಮ ಕ್ಲಾಸಿನಲ್ಲೇ ಒತ್ತಕ್ಷರ ಬರಲ್ಲ, ಇವರು ಕಲಿಸ್ತಾರಾ?" ಹೆಡ್ ಸಿಸ್ಟರ್ ಮಾತ್ರ ನಗಲಿಲ್ಲ. ಒಪ್ಪಲೂ ಇಲ್ಲ. "ಒಂದು ವರ್ಷ ನೋಡಿ" ಅಂದರು.

ಆ ಒಂದು ವರ್ಷ ಪೂರ್ತಿ ಸೋಲು. ಮೊದಲು ಸಂಜೆ ಇಟ್ಟೆವು. ಮೂರನೇ ದಿನ ದಾರಿಯಲ್ಲಿ ಆನೆ ಲದ್ದಿ ಬಿಸಿ ಬಿಸಿಯಾಗಿ ಸಿಕ್ಕಿತು, ಸಂಜೆ ಕ್ಲಾಸು ಅಲ್ಲಿಗೆ ಮುಗಿಯಿತು. ಆಮೇಲೆ ಸಂತೆ ದಿನ ರಜೆ ಇರುತ್ತದಲ್ಲ ಎಂದು ಹೋದರೆ ಲೈನ್ ಖಾಲಿ. ಎಲ್ಲರೂ ಸಂತೆಗೇ ಹೋಗಿದ್ದರು! ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಅಲ್ವಾ? ದೊಡ್ಡ ಪೆಟ್ಟು ಪುಸ್ತಕದ್ದು. ಮೂರೂವರೆ ಸಾವಿರ ಕೊಟ್ಟು 'ಅ ಅರಸ, ಆ ಆನೆ' ಅಂತ ಚಂದದ ಪುಸ್ತಕ ಅಚ್ಚು ಹಾಕಿಸಿದ್ದೆ. ಯರವ ಬುಡಕಟ್ಟಿನ ಒಬ್ಬ ಅಜ್ಜಿ ಅದನ್ನು ತಿರುಗಿಸಿ ನೋಡಿ, "ಆನೆ ನನಗೆ ಗೊತ್ತು ಮಗ, ಚೆಕ್‌ರೋಲ್ ಗೊತ್ತಿಲ್ಲ" ಅಂದಳು. ಚೆಕ್‌ರೋಲ್ ಅಂದರೆ ತೋಟದಲ್ಲಿ ಕೂಲಿ ದಿನ ಬರೆದಿಡುವ ಹಾಜರಿ ಪುಸ್ತಕ. ಉಳಿದ ಪ್ರತಿಗಳು ಇವತ್ತಿಗೂ ಲೈಬ್ರರಿಯ ಕೆಳಗಿನ ಕಪಾಟಿನಲ್ಲಿವೆ.

ಅಜ್ಜಿಯ ಆ ಮಾತೇ ದಾರಿ ತೋರಿಸಿತು. ಎರಡನೇ ವರ್ಷ ಅಕ್ಷರಮಾಲೆ ಬಿಟ್ಟೆವು. ಮೊದಲು ಅವರ ಹೆಸರು. ಆಮೇಲೆ 1ರಿಂದ 31ರವರೆಗೆ ಅಂಕಿ. ಆಮೇಲೆ ಬಸ್ ಬೋರ್ಡಿನ ಊರುಗಳು: ಮಡಿಕೇರಿ, ವಿರಾಜಪೇಟೆ, ಸಿದ್ದಾಪುರ, ಗೋಣಿಕೊಪ್ಪ. 'ಪ್ಪ' ಅನ್ನುವ ಒತ್ತಕ್ಷರ ಅಲ್ಲೇ ಬಂತು, ಸ್ಟಾಫ್ ರೂಮಿನವರು ಗಮನಿಸಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬಟ್ಟೆ ಒಣಗಿಸುವ ಒಲೆಯ ಸುತ್ತ ಕುಳಿತು. ಬೆಚ್ಚಗಿರುತ್ತದೆ, ಯಾರೂ ಬೇಗ ಏಳುವುದಿಲ್ಲ. ಅಸ್ಸಾಮಿನಿಂದ ಬಂದ ಹೆಂಗಸರಿಗೆ ಮಾತ್ರ ಇದು ಕಷ್ಟವಾಯಿತು. ಅವರಿಗೆ ಮೊದಲು ಮಾತನಾಡುವ ಕನ್ನಡ ಬೇಕು. ಅದಕ್ಕೆ ನನ್ನ ಹತ್ತಿರ ಇನ್ನೂ ಉಪಾಯವಿಲ್ಲ.

ಕೂಲಿ ದಿನ ಎಣಿಸಲು ಕಲಿಸುತ್ತೇವೆ ಎಂದರೆ ತೋಟದ ಸಾಹುಕಾರರೂ ಲೆಕ್ಕ ಬರೆಯುವ ರೈಟರೂ ಒಳಗೆ ಬಿಡುತ್ತಾರಾ? ಬಿಟ್ಟರು. ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ನಡೆಯುವುದಿಲ್ಲ.

ಎಷ್ಟು ವಾರ? ಇಲ್ಲಿ ಸಿಸ್ಟರ್ ಕೈ ಹಾಕಿದರು. ಕಾರ್ಮೆಲ್ ಹಬ್ಬಕ್ಕೆ ಮೊದಲು ಒಂಬತ್ತು ದಿನ ನೊವೆನಾ ಇರುತ್ತದಲ್ಲ, ನಾವು ಹಬ್ಬದ ನಂತರ ಒಂಬತ್ತು ಭಾನುವಾರ ಮಾಡೋಣ ಅಂದರು. ಜುಲೈ 16ಕ್ಕೆ ಪ್ರಾರ್ಥನೆ ಮಾಡಿ, ಯಾವ ಲೈನಿಗೆ ಯಾರು ಎಂದು ಚೀಟಿ ಎತ್ತಿ ಶುರು. ಸೆಪ್ಟೆಂಬರ್ 8ರ ತೆನೆ ಹಬ್ಬ, ಅಂದರೆ ಮರಿಯಳ ಹುಟ್ಟುಹಬ್ಬ, ಕಳೆದ ಭಾನುವಾರದ ಹೊತ್ತಿಗೆ ಮುಗಿಯುತ್ತದೆ. ಮಳೆಯೂ ಅಷ್ಟರಲ್ಲಿ ತಗ್ಗಿರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಾತ್ರ ನಾಲ್ಕಕ್ಕೇ ನಿಂತಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ಕಾರ್ಮೆಲ್ ಮಾತೆಯ ಭಕ್ತರು ಕೊರಳಿಗೆ ಹಾಕುವ ಕಂದು ಸ್ಕ್ಯಾಪುಲರ್ ಎಲ್ಲ ಮಕ್ಕಳಿಗೂ ಹಂಚೋಣ ಎಂದು ಯಾರೋ ಹೇಳಿದರು. ನಮ್ಮಲ್ಲಿ ಕಥೊಲಿಕ ಮಕ್ಕಳು ಕಾಲು ಭಾಗವೂ ಇಲ್ಲ. ಕೇಳಿದವರಿಗೆ ಚಾಪೆಲ್‌ನಲ್ಲಿ ಕೊಟ್ಟರೆ ಸಾಕು ಅಂದೆ. ಅದರ ಬದಲು ಹೊರಡುವ ಮೊದಲು ಎರಡು ನಿಮಿಷ ಸುಮ್ನೆ ಕೂರುವುದನ್ನು ತಂದೆವು. ಕಾರ್ಮೆಲಿನವರ ಪ್ರಾರ್ಥನೆಯಲ್ಲಿ ಮೌನಕ್ಕೆ ದೊಡ್ಡ ಜಾಗ. ಮೊದಲ ವಾರ ಮೇಣದಬತ್ತಿ ಇಟ್ಟೆ, ಗಾಳಿಗೆ ಆರಿತು, ಮಕ್ಕಳು ನಕ್ಕರು. ಈಗ ಏನೂ ಇಡುವುದಿಲ್ಲ. ಶೀಟಿನ ಮೇಲಿನ ಮಳೆ ಕೇಳಿಸಿಕೊಳ್ಳಿ ಅನ್ನುತ್ತೇನೆ. ಭಾಷಣ ಹಾಳು ಮಾಡಿದ್ದ ಅದೇ ಸದ್ದು ಈಗ ಕೆಲಸಕ್ಕೆ ಬಂತು. ಕೊಡವರ ಮಕ್ಕಳು, ಮುಸ್ಲಿಂ ಮಕ್ಕಳು, ಎಲ್ಲರೂ ಕೂರುತ್ತಾರೆ.

ಖರ್ಚು ಹೇಳಿಬಿಡುತ್ತೇನೆ. ಸ್ಲೇಟು ನಲವತ್ತು, ಸುಮಾರು 1,200. ಬಳಪ, ನೋಟ್‌ಬುಕ್ಕು ಇನ್ನೊಂದು ಸಾವಿರ. ಜೀಪು ಭಾನುವಾರಕ್ಕೆ 500ರಂತೆ 4,500. ಚಹಾ, ಬಿಸ್ಕತ್ತು ಎರಡು ಸಾವಿರ ಚಿಲ್ಲರೆ. ಒಂಬತ್ತು ಸಾವಿರ ದಾಟುವುದಿಲ್ಲ. ಕಳೆದ ವರ್ಷ ಮೂವತ್ತೆರಡು ಹೆಂಗಸರು ಕೂತರು, ಏಳೆಂಟು ಜನ ನಡುವೆ ಬಿಟ್ಟರು, ಹತ್ತೊಂಬತ್ತೋ ಇಪ್ಪತ್ತೋ ಜನ ತಮ್ಮ ಹೆಸರು ಬರೆದು, ಚೆಕ್‌ರೋಲಿನಲ್ಲಿ ತಮ್ಮ ದಿನ ಎಣಿಸುವಷ್ಟು ಕಲಿತರು. ಚೆಕ್‌ರೋಲ್ ಅಜ್ಜಿ ರೈಟರ ಹತ್ತಿರ ಹೋಗಿ ಒಂದೂವರೆ ದಿನ ಕಡಿಮೆ ಬಿದ್ದಿದೆ ಎಂದು ತೋರಿಸಿ ಸರಿ ಮಾಡಿಸಿಕೊಂಡಳಂತೆ. ಸ್ಟಾಫ್ ರೂಮಿನಲ್ಲಿ ಇದನ್ನು ನಾನು ಎರಡು ಸಲ ಹೇಳಿದೆ. ಮೂರು ಸಲವೂ ಇರಬಹುದು.

ಈ ವರ್ಷ ಜೀಪಿನವನು 600 ಕೇಳುತ್ತಿದ್ದಾನೆ. 550ಕ್ಕೆ ಮಾತಾಡುತ್ತಿದ್ದೇನೆ.