ಕೌದಿ, ಕ್ಯಾಲೆಂಡರ್, ಪ್ಲಾಸ್ಟಿಕ್ ಹೂವು: ನಾನು ಚಿತ್ರ ಬರೆಯುವ ರೀತಿ

ಕೊಪ್ಪಳದಲ್ಲಿ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಶೋಕೇಸಿಗೆ ಹೋಗುತ್ತದೆ. ಗವಿಮಠದ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಗುಲಾಬಿ, ಕ್ರೋಶಾ ಹೆಣೆದ ಟಿವಿ ಕವರು, ಬಾಗಿಲಿಗೆ ಮಣಿ ತೋರಣ, ಗೋಡೆ ಮೇಲೆ ಕಿರಾಣಿ ಅಂಗಡಿಯವರು ಕೊಟ್ಟ ಲಕ್ಷ್ಮಿ ಕ್ಯಾಲೆಂಡರು. ನಾನು ಬರೆಯುವುದು ಇವನ್ನೇ. ಕಲೆ ಓದಿದವರು ಇದನ್ನೆಲ್ಲ ‘ಕಿಟ್ಶ್’ ಅಂತಾರೆ, ಅಗ್ಗದ ರುಚಿ ಅಂತ. ನಾನು ಒಪ್ಪಲ್ಲ. ಕೂಡಿಟ್ಟ ದುಡ್ಡಲ್ಲಿ ಆರಿಸಿ ತಂದು, ಹಬ್ಬ ಬಂದಾಗೆಲ್ಲ ತೊಳೆದು ಮತ್ತೆ ಅದೇ ಜಾಗದಲ್ಲಿ ಇಡುವ ಹೂವು ಅದು, ಸುಮ್ನೆ ಬಂದದ್ದಲ್ಲ.

ಧೈರ್ಯ ಕೊಟ್ಟವರು ಇಬ್ಬರು. ಬರೋಡಾದ ಚಿತ್ರಕಾರ ಭೂಪೇನ್ ಖಖ್ಖರ್ 1960ರ ದಶಕದಲ್ಲೇ ದೇವರ ಅಚ್ಚುಪಟಗಳನ್ನು ಕತ್ತರಿಸಿ ತಮ್ಮ ಕೃತಿಗಳಿಗೆ ಅಂಟಿಸಿದ್ದರು. ಅಮೆರಿಕದ ಕಲಾವಿದೆ ಮಿರಿಯಮ್ ಶಪೀರೊ 1970ರ ದಶಕದಲ್ಲಿ ಕರವಸ್ತ್ರ, ಏಪ್ರನ್, ಬಟ್ಟೆ ತುಂಡುಗಳನ್ನು ದೊಡ್ಡ ಕ್ಯಾನ್ವಾಸಿಗೇರಿಸಿದರು. ಹೊಲಿಗೆ, ಕಸೂತಿಯನ್ನೂ ಕಲೆ ಅಂತಲೇ ನೋಡಿ ಅನ್ನುವುದು ಅವರ ವಾದ.

ಅವ್ವ ಕೌದಿ ಹೊಲಿಯುತ್ತಾ ಕೂತ ಚಿತ್ರ ಬರೆದಾಗ ನನ್ನ ರೀತಿ ಗಟ್ಟಿಯಾಯಿತು. ಅದರಲ್ಲಿ ಎಲ್ಲೂ ನೆರಳಿಲ್ಲ. ಕೌದಿ ನೆಲದ ಮೇಲಿದ್ದರೂ ಗೋಡೆಗೆ ತೂಗುಹಾಕಿದ ಹಾಗೆ ನೇರವಾಗಿ ಬರೆದೆ. ಇಳಕಲ್ ಸೀರೆಯ ಚೌಕುಳಿ ಕೂಡ ಮೊಣಕಾಲಿನ ಹತ್ತಿರ ಬಾಗುವುದಿಲ್ಲ, ಹಾಗೇ ನೆಟ್ಟಗೆ ಹಾಯ್ದು ಹೋಗುತ್ತದೆ. ಹಾಗಾದ್ರೆ ಎಲ್ಲ ಕಲಸಿ ಹೋಗಲ್ವಾ? ಹೋಗಬಾರದು ಅಂದರೆ ಮೂರು ಅಳತೆ ಬೇಕು: ಸೀರೆಯ ಚೌಕುಳಿ ಸಣ್ಣದು, ಕೌದಿಯ ತುಂಡುಗಳು ಮಧ್ಯಮ, ಹಿಂದಿನ ರಗ್ಗಿನ ಹೂವು ಅವ್ವನ ಮುಖಕ್ಕಿಂತ ದೊಡ್ಡದು. ನಡುವೆ ಎಲ್ಲಾದರೂ ಖಾಲಿ ಜಾಗವೂ ಬೇಕು. ನನಗೆ ಅದು ನೀಲಿ ಸುಣ್ಣದ ಗೋಡೆ ಮತ್ತು ಸೀರೆಯ ಕೆಂಪು ದಡಿ. ಕಣ್ಣು ಕಿರಿದು ಮಾಡಿ ನೋಡಿದಾಗ ಎರಡು ವಿನ್ಯಾಸ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ಒಂದನ್ನು ಗಾಢ ಮಾಡುತ್ತೇನೆ.

ಬಣ್ಣದ ವಿಷಯದಲ್ಲಿ ನನ್ನ ಗುರು ಕೊಪ್ಪಳದ ಹತ್ತಿರದ ಕಿನ್ನಾಳ ಊರು. ಅಲ್ಲಿನ ಚಿತ್ರಗಾರರು ಮರದ ಗೊಂಬೆಗೆ ಹುಣಸೆ ಬೀಜದ ಅಂಟಿನ ಲೇಪ ಕೊಟ್ಟು, ಮೇಲೆ ಪೂರ್ತಿ ಬಿಳಿ ಹಚ್ಚಿ, ಆಮೇಲೆ ಬಣ್ಣಕ್ಕೆ ಇಳಿಯುತ್ತಾರೆ. ಆ ಕೆಂಪು, ಹಳದಿ ಅಷ್ಟು ಹೊಳೆಯುವುದು ಅಡಿಯ ಬಿಳಿಯಿಂದ. ನಾನೂ ಪ್ಲಾಸ್ಟಿಕ್ ಹೂವಿನ ರಾಣಿ ಬಣ್ಣಕ್ಕೆ ಮೊದಲು ದಪ್ಪ ಬಿಳಿ ಒಣಗಿಸಿ, ಮೇಲೆ ಗುಲಾಬಿ ಬಣ್ಣವನ್ನು ತೆಳ್ಳಗೆ ಎಳೆಯುತ್ತೇನೆ. ಬಿಳಿ ಬೆರೆಸಿದರೆ ಅದು ಸಪ್ಪೆ ಆಗುತ್ತೆ. ನಮ್ಮ ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುವುದರಿಂದ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಣ್ಣ ಇಡುತ್ತೇನೆ.

ಮರುಕಳಿಸುವ ಹೂವಿಗೆ ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತೇನೆ. ಹೊಲಿಗೆಗೆ ಮಾತ್ರ ಅಚ್ಚು ಬಳಸಲ್ಲ. ಅವ್ವನ ಟಾಕಿ, ಅಂದರೆ ಸೂಜಿಯ ಹೊಲಿಗೆ, ಒಂದು ಉದ್ದ, ಒಂದು ಗಿಡ್ಡ, ಸಾಲು ಅಲ್ಲಲ್ಲಿ ಸೊಟ್ಟ. ಅದನ್ನು ಸಣ್ಣ ಕುಂಚದಲ್ಲಿ ಒಂದೊಂದಾಗಿ ಇಡಬೇಕು, ಜಾಸ್ತಿ ದಿನ ಹಿಡಿಯುವುದು ಇದೇ.

ಈಗ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳ ಸಾಲು ಬರೆಯುತ್ತಿದ್ದೇನೆ. ಸ್ಟೀಲ್ ಎದುರಿಗಿದ್ದ ರಗ್ಗಿನ ಹೂವನ್ನೂ ತನ್ನೊಳಗೆ ಎಳೆದುಕೊಂಡು ಬಾಗಿಸುತ್ತದೆ. ನೆರಳೂ ಬೇಡ, ವಿನ್ಯಾಸ ಬಾಗುವುದೂ ಬೇಡ ಅನ್ನುವ ನನ್ನ ನಿಯಮ ಅಲ್ಲಿ ಹೇಗೆ ನಿಲ್ಲುತ್ತೆ ಅಂತ ಇನ್ನೂ ಹುಡುಕುತ್ತಿದ್ದೇನೆ.