ಆಯುಧಪೂಜೆಯ ಊಟ: ಈಳಿಗೆಮಣೆ ಪೂಜೆಗೆ ಕೂರುವ ಮೊದಲು

ನವರಾತ್ರಿಯ ಒಂಬತ್ತನೆಯ ದಿನ ಬರುವ ಹೊತ್ತಿಗೆ ಅಡುಗೆಮನೆ ನೋಡಿಕೊಳ್ಳುವವರು ಅರ್ಧ ದಣಿದಿರುತ್ತಾರೆ. ಎಂಟು ದಿನ ಗೊಂಬೆಗಳ ಮುಂದೆ ಬಗೆಬಗೆಯ ಉಸಲಿ, ಸಂಜೆ ಬರುವ ಮಕ್ಕಳಿಗೆ ಬೊಂಬೆ ಬಾಗಿನ, ನಡುವೆ ಸರಸ್ವತಿ ಪೂಜೆ, ಇಷ್ಟೆಲ್ಲ ಮುಗಿಸಿದ ಮೇಲೆ ಮಹಾನವಮಿಯ ದಿನ ಹದಿನೈದು ಮಂದಿಗೆ ಹೋಳಿಗೆಯ ಊಟ ಹಾಕಬೇಕು. ಈ ಊಟಕ್ಕೆ ಬೇರೆ ಹಬ್ಬಗಳಲ್ಲಿ ಇಲ್ಲದ ತೊಡಕು ಒಂದಿದೆ. ಅಂದು ಆಯುಧಪೂಜೆಯಾದ್ದರಿಂದ ಈಳಿಗೆಮಣೆ, ಚಾಕು, ತುರಿಮಣೆ, ಒರಳುಕಲ್ಲುಗಳನ್ನು, ಈಚಿನ ವರ್ಷಗಳಲ್ಲಿ ಮಿಕ್ಸಿಯನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಇಡುತ್ತೇವೆ. ಒಮ್ಮೆ ಇಟ್ಟರೆ ವಿಜಯದಶಮಿಯ ಬೆಳಿಗ್ಗೆ ಪೂಜೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಎಲ್ಲ ಮನೆಗಳಲ್ಲಿಯೂ ಇಷ್ಟು ಕಟ್ಟುನಿಟ್ಟು ಇಲ್ಲವೆಂದು ಬಲ್ಲೆ. ಆದರೆ ಹೆಚ್ಚುವುದು, ತುರಿಯುವುದು, ರುಬ್ಬುವುದು ಈ ಮೂರನ್ನು ಬೆಳಗಿನ ಎಂಟು ಗಂಟೆಯೊಳಗೆ ಮುಗಿಸಿ, ಅಲ್ಲಿಂದ ಮುಂದೆ ಬೇಯಿಸುವ ಕೆಲಸವನ್ನಷ್ಟೇ ಉಳಿಸಿಕೊಳ್ಳುವ ಕ್ರಮ ರೂಢಿಯಾದರೆ ಯಾವ ಹಬ್ಬದ ಅಡುಗೆಯೂ ಹಗುರವಾಗುತ್ತದೆ.

ಮೊದಲು ಎಲೆಯ ಮೇಲೆ ಏನೇನು ಇರಬೇಕೆಂದು ತೀರ್ಮಾನಿಸಬೇಕು. ಹೋಳಿಗೆ, ಒಬ್ಬಟ್ಟಿನ ಸಾರು, ಬೂದುಗುಂಬಳಕಾಯಿಯ ಮಜ್ಜಿಗೆಹುಳಿ, ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಅನಾನಸ್ ಗೊಜ್ಜು, ಆಂಬೊಡೆ, ಹಪ್ಪಳ, ಕೊನೆಗೆ ಮೊಸರನ್ನ, ಇಷ್ಟಾದರೆ ಎಲೆ ತುಂಬಿತು. ಒಬ್ಬಟ್ಟಿನ ಸಾರು ಇರುವ ದಿನ ತರಕಾರಿ ಹುಳಿಯನ್ನೂ ಮಾಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಶ್ರಮ. ಆ ಸಾರಿನ ಎದುರು ಹುಳಿಯನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಪಾಯಸವನ್ನು ಮಾತ್ರ ಶಾಸ್ತ್ರಕ್ಕೆಂದು ಎಲೆಗೊಂದು ಸೌಟಿನಷ್ಟು ಮಾಡಿಕೊಳ್ಳಬಹುದು.

ಹದಿನೈದು ಮಂದಿಗೆ ಚಿತ್ರಾನ್ನವೂ ಮೊಸರನ್ನವೂ ಸೇರಿ ಒಂದೂವರೆ ಕಿಲೋ ಅಕ್ಕಿ ಸಾಕು, ಏಕೆಂದರೆ ಹೋಳಿಗೆ ತಿಂದವರು ಅನ್ನವನ್ನು ಕಡಿಮೆ ಹಾಕಿಸಿಕೊಳ್ಳುತ್ತಾರೆ. ಹೋಳಿಗೆಗೆ ಒಂದು ಕಿಲೋ ಬೇಳೆ, ಒಂದು ಕಿಲೋ ಬೆಲ್ಲ; ಕೋಸಂಬರಿಗೆ ಕಾಲು ಕಿಲೋ ಹೆಸರುಬೇಳೆ; ಆಂಬೊಡೆಗೆ ಅರ್ಧ ಕಿಲೋ ಕಡಲೆಬೇಳೆ. ತೆಂಗಿನಕಾಯಿ ನಾಲ್ಕು ಬೇಕಾಗುತ್ತದೆ, ಆದರೆ ಐದು ತಂದಿರಬೇಕು. ಹಬ್ಬದ ದಿನವೇ ಒಂದು ಕಾಯಿ ಕೊಳೆತದ್ದು ಸಿಗುತ್ತದೆ. ಬಾಳೆಎಲೆಯನ್ನು ಎರಡು ದಿನ ಮೊದಲೇ ತಂದು, ಒರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಮೂಲೆಯಲ್ಲಿ ಇಟ್ಟರೆ ಬಾಡುವುದಿಲ್ಲ. ಬೂದುಗುಂಬಳಕಾಯಿ ಆ ವಾರ ಬೀದಿಬೀದಿಯಲ್ಲಿ ರಾಶಿ ಬಿದ್ದಿರುತ್ತದೆ. ಅಡುಗೆಯ ಕಾಯಿಯನ್ನು ಮಾತ್ರ ಒಳಗೆ ಬೇರೆಯಾಗಿ ಇಡಬೇಕು. ಒಂದು ವರ್ಷ ಮಜ್ಜಿಗೆಹುಳಿಗೆಂದು ತಂದಿದ್ದ ಕಾಯಿಗೆ ನನ್ನ ಮೊಮ್ಮಗ ಕುಂಕುಮ ತುಂಬಿ ಸ್ಕೂಟರಿನ ಮುಂದೆ ಒಡೆದುಬಿಟ್ಟಿದ್ದ.

ಅಷ್ಟಮಿಯ ಮಧ್ಯಾಹ್ನ ಮಾಡಬೇಕಾದ ಮುಖ್ಯ ಕೆಲಸ ಹೂರಣ. ಹಳೆ ಮೈಸೂರಿನ ಕಡೆ ನಾವು ತೊಗರಿಬೇಳೆಯಲ್ಲಿ ಮಾಡುತ್ತೇವೆ, ಉತ್ತರ ಕರ್ನಾಟಕದವರು ಕಡಲೆಬೇಳೆಯಲ್ಲಿ ಮಾಡುತ್ತಾರೆ. ಹದ ಎರಡಕ್ಕೂ ಒಂದೇ. ಒಂದು ಕಿಲೋ ಬೇಳೆಗೆ ನಾಲ್ಕು ಲೀಟರಿನಷ್ಟು ನೀರು ಕುದಿಯಲಿಟ್ಟು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ತೆರೆದ ಪಾತ್ರೆಯಲ್ಲಿಯೇ ಬೇಯಿಸಬೇಕು. ಕುಕ್ಕರಿನಲ್ಲಿ ಬೇಗ ಬೇಯುತ್ತದೆ ನಿಜ, ಆದರೆ ಬೇಳೆ ಎಲ್ಲಿಯವರೆಗೆ ಬಂದಿದೆ ಎಂದು ಒಳಗೆ ಇಣುಕಿ ನೋಡಲಾಗುವುದಿಲ್ಲ. ಬೆರಳ ನಡುವೆ ಹಿಸುಕಿದರೆ ಬೇಳೆ ನುರಿಯಬೇಕು, ಪಾತ್ರೆಯಲ್ಲಿ ನೋಡಿದರೆ ಇನ್ನೂ ಬೇಳೆಯ ಆಕಾರದಲ್ಲಿಯೇ ಇರಬೇಕು. ಆ ಕ್ಷಣದಲ್ಲಿ ಇಳಿಸಿ ಬಸಿಯಬೇಕು. ಬಸಿದ ಕಟ್ಟನ್ನು ಚೆಲ್ಲದೆ ತಣಿಸಿ ಫ್ರಿಜ್ಜಿನಲ್ಲಿ ಇಡಬೇಕು, ಮರುದಿನದ ಸಾರಿಗೆ ಅದೇ ಜೀವ.

ಬೆಲ್ಲವನ್ನು ಕೊಳ್ಳುವಾಗಲೇ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುವುದು ಒಳ್ಳೆಯದು, ಉಪ್ಪುಪ್ಪಾದ ಬೆಲ್ಲ ಇಡೀ ಹೂರಣವನ್ನು ಕೆಡಿಸುತ್ತದೆ. ಕಲ್ಲುಮಣ್ಣು ಇದ್ದರೆ ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿ, ಚೆನ್ನಾಗಿ ಕುದಿದ ಮೇಲೆ ಬೇಳೆಯನ್ನು ಸೇರಿಸಬೇಕು. ಅನಂತರ ನೀರಿನ ಪಸೆ ಆರುವವರೆಗೆ ತಳ ಹಿಡಿಯದಂತೆ ಮಗುಚುತ್ತಲೇ ಇರಬೇಕು. ಸೌಟನ್ನು ನೆಟ್ಟರೆ ವಾಲದೆ ನಿಲ್ಲುವ ಹಂತಕ್ಕೆ ಬಂದಾಗ ಇಳಿಸಿ, ಸ್ವಲ್ಪ ಬೆಚ್ಚಗಿರುವಾಗಲೇ ಏಲಕ್ಕಿ ಸೇರಿಸಿ ಒಂದು ಹನಿಯೂ ನೀರು ಬೆರೆಸದೆ ರುಬ್ಬಬೇಕು. ಪೂರ್ತಿ ತಣಿದ ಮೇಲೆ ಹೂರಣ ಇನ್ನಷ್ಟು ಗಟ್ಟಿಯಾಗುವುದರಿಂದ ಒಲೆಯ ಮೇಲೆ ಅತಿಯಾಗಿ ಒಣಗಿಸಲೂ ಬಾರದು. ಮದುವೆಯಾದ ಹೊಸದರಲ್ಲಿ ನಾನು ಅವಸರದಿಂದ ಇಳಿಸಿದ ಹೂರಣ ಮಜ್ಜಿಗೆಯಂತೆ ಹರಿದಿತ್ತು. ನಮ್ಮ ಅತ್ತೆಯವರು ಏನೂ ಅನ್ನದೆ ಅದರಲ್ಲಿ ಒಂದು ಪಾಲನ್ನು ತೆಂಗಿನ ಹಾಲಿಗೆ ಹಾಕಿ ಪಾಯಸ ಮಾಡಿದರು, ಉಳಿದದ್ದನ್ನು ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ಕೆದಕಿ ಹದಕ್ಕೆ ತಂದರು. ಸಡಿಲವಾದ ಹೂರಣಕ್ಕೆ ಇಂದಿಗೂ ನನಗೆ ತಿಳಿದ ಸರಿಯಾದ ಉಪಾಯ ಅದೊಂದೇ. ಹುರಿಗಡಲೆ ಹಿಟ್ಟು ಬೆರೆಸಿದರೆ ಗಟ್ಟಿಯಾಗುತ್ತದೆ, ಆದರೆ ಬಾಯಲ್ಲಿ ಹಿಟ್ಟು ಹಿಟ್ಟಾಗಿ ಸಿಗುತ್ತದೆ.

ಅದೇ ಸಂಜೆ ಗೊಜ್ಜನ್ನೂ ಮಾಡಿ ಇಟ್ಟುಬಿಡಬೇಕು. ಹುಣಿಸೆ, ಬೆಲ್ಲ, ಖಾರ ಒಂದು ರಾತ್ರಿ ಕಳೆದರೆ ಅನಾನಸ್ ಹೋಳುಗಳಿಗೆ ಚೆನ್ನಾಗಿ ಹಿಡಿಯುತ್ತದೆ. ರಾತ್ರಿ ಮಲಗುವ ಮೊದಲು ಹುರುಳಿಕಾಯಿ ಹೆಚ್ಚಿ, ನಾಲ್ಕು ಕಾಯಿ ತುರಿದು ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಿಗ್ಗೆ ಎರಡು ಕೈಗೆ ಬಿಡುವು.

ನವಮಿಯ ದಿನ ನಾಲ್ಕು ಗಂಟೆಗೆ ಎದ್ದವರು ಮೊದಲು ಆಂಬೊಡೆಗೆ ಕಡಲೆಬೇಳೆ ನೆನೆಹಾಕಬೇಕು, ಮಜ್ಜಿಗೆಹುಳಿಯ ಮಸಾಲೆಗೂ ಅದರಲ್ಲಿಯೇ ಒಂದು ಹಿಡಿ ತೆಗೆದುಕೊಳ್ಳಬಹುದು. ಎರಡು ಗಂಟೆ ನೆನೆದ ಬೇಳೆಯನ್ನು ನೀರು ಪೂರ್ತಿ ಬಸಿದು, ತರಿತರಿಯಾಗಿ ರುಬ್ಬಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪು ಸೇರಿಸಿ ಇಡಬೇಕು. ಉಪ್ಪನ್ನು ಈಗಲೇ ಹಾಕಿದರೆ ಹಿಟ್ಟು ನೀರು ಬಿಟ್ಟು ಎಣ್ಣೆ ಕುಡಿಯುತ್ತದೆ, ಆದ್ದರಿಂದ ಕರಿಯುವ ಮುನ್ನ ಹಾಕಬೇಕು. ಕೋಸಂಬರಿಯ ಸೌತೆಕಾಯಿಗೂ ಇದೇ ನಿಯಮ: ಹೆಚ್ಚಿ ಮುಚ್ಚಿಡಿ, ಉಪ್ಪು ನಿಂಬೆರಸಗಳನ್ನು ಎಲೆ ಹಾಕಿದ ಮೇಲೆ ಬೆರೆಸಿ. ಕುಂಬಳಕಾಯಿ ಹೆಚ್ಚಿ, ಮಜ್ಜಿಗೆಹುಳಿಗೂ ಸಾರಿಗೂ ಬೇಕಾದ ಕಾಯಿ ಮಸಾಲೆಗಳನ್ನು ರುಬ್ಬಿ ತೆಗೆದರೆ ಮಿಕ್ಸಿಯ ಕೆಲಸ ಮುಗಿಯಿತು. ಅದನ್ನು ತೊಳೆದು ಒರೆಸಿ ಪೂಜೆಗೆ ಒಪ್ಪಿಸಬಹುದು. ನಿಂಬೆಹಣ್ಣು ಕತ್ತರಿಸಿ ರಸ ಹಿಂಡಿಡುವುದನ್ನು ಮರೆಯುವವರು ಬಹಳ ಮಂದಿ. ಚಾಕು ಕುಂಕುಮ ಹಚ್ಚಿಕೊಂಡು ಕುಳಿತ ಮೇಲೆ ನೆನಪಾಗುತ್ತದೆ.

ಹೂರಣವನ್ನು ಹೊದಿಸುವ ಹಿಟ್ಟಾದ ಕನಕಕ್ಕೆ ಚಾಕು ಬೇಡ, ಮಿಕ್ಸಿ ಬೇಡ, ಸಮಯ ಬೇಕು. ಒಂದು ಕಿಲೋ ಬೇಳೆಯ ಹೂರಣಕ್ಕೆ ಅರ್ಧ ಕಿಲೋ ಚಿರೋಟಿ ರವೆ, 200 ಗ್ರಾಂ ಮೈದಾ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು ಹಾಕಿ ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, 200 ಮಿಲಿಲೀಟರಿನಷ್ಟು ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ನಾದಿ, ಉಳಿದ ಎಣ್ಣೆಯನ್ನು ಮೇಲೆ ಸುರಿದು ಕನಿಷ್ಠ ಎರಡು ಗಂಟೆ ಮುಚ್ಚಿಡಬೇಕು. ಚೂರು ಹಿಡಿದು ಎಳೆದರೆ ತುಂಡಾಗದೆ ಉದ್ದಕ್ಕೆ ಬರಬೇಕು. ಹೂರಣವೂ ಕನಕವೂ ಒಂದೇ ಮೆದುವಾಗಿರಬೇಕು. ಹೂರಣ ಗಟ್ಟಿಯಾದರೆ ಕನಕವನ್ನು ಹರಿದುಕೊಂಡು ಹೊರಬರುತ್ತದೆ, ಆಗ ಅದಕ್ಕೆ ಹಾಲು ಚಿಮುಕಿಸಿ ಮತ್ತೊಮ್ಮೆ ನಾದಿಕೊಳ್ಳಬೇಕು. ದೊಡ್ಡ ನಿಂಬೆಗಾತ್ರದ ಹೂರಣಕ್ಕೆ ಅದರ ಅರ್ಧಕ್ಕಿಂತ ಕೊಂಚ ಕಡಿಮೆ ಕನಕ ಹಿಡಿದರೆ ಸುಮಾರು ಐವತ್ತು ಹೋಳಿಗೆ ಆಗುತ್ತವೆ.

ಐವತ್ತು ಹೋಳಿಗೆ ಎಂದರೆ ಒಂದು ಕಾವಲಿಯ ಮೇಲೆ ಹತ್ತಿರ ಹತ್ತಿರ ಎರಡು ಗಂಟೆಯ ಕೆಲಸ, ಅಷ್ಟು ಹೊತ್ತು ಒಂದು ಒಲೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಎರಡೇ ಒಲೆ ಇರುವ ಮನೆಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹನ್ನೆರಡು ಗಂಟೆಯ ನೈವೇದ್ಯ ಎರಡಕ್ಕೆ ಹೋಗುತ್ತದೆ. ಒಂಬತ್ತಕ್ಕೆ ಕಾವಲಿ ಏರಿಸಿ, ಪಕ್ಕದ ಒಲೆಯಲ್ಲಿ ಮೊದಲು ಚಿತ್ರಾನ್ನದ ಅನ್ನ, ಆಮೇಲೆ ಸಾರು, ಪಲ್ಯ, ಮಜ್ಜಿಗೆಹುಳಿ, ಕೊನೆಗೆ ಬಿಸಿ ಅನ್ನ ಎಂಬ ಕ್ರಮ ಇಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಚಿತ್ರಾನ್ನದ ಅನ್ನವನ್ನು ಎಣ್ಣೆ ಹಾಕಿ ಅಗಲವಾಗಿ ಹರಡಿ ಆರಿಸದಿದ್ದರೆ ಮುದ್ದೆಯಾಗುವುದರಿಂದ ಅದಕ್ಕೇ ಮೊದಲ ಸರದಿ. ಹೋಳಿಗೆಯನ್ನು ಬಾಡಿಸಿದ ಬಾಳೆಎಲೆಯ ಮೇಲೆ ತಟ್ಟಿ ಮಧ್ಯಮ ಉರಿಯಲ್ಲಿ ಬೇಯಿಸಬೇಕು, ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ ಬೆವರಿ ಅಂಟಿಕೊಳ್ಳುತ್ತವೆ. ಮಜ್ಜಿಗೆಹುಳಿಗೆ ಮೊಸರು ಸೇರಿಸಿದ ಮೇಲೆ ಕುದಿಸಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಬಂದ ಕೂಡಲೇ ಇಳಿಸಬೇಕು. ಒಬ್ಬಟ್ಟಿನ ಸಾರಿಗೆ ಕಟ್ಟಿನ ಜೊತೆ ಒಂದು ಹಿಡಿ ಹೂರಣ, ಹುಣಿಸೆ ರಸ, ಸಾರಿನಪುಡಿ, ರುಬ್ಬಿದ ಮಸಾಲೆ ಹಾಕಿ ಚೆನ್ನಾಗಿ ಕುದಿಸಿ ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು.

ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಆದ್ದರಿಂದ ಉಪ್ಪಿನ ಅಳತೆ ಮೊದಲೇ ತಿಳಿದಿರಬೇಕು. ಸಾರಿಗೆ ಲೀಟರಿಗೆ ಎರಡು ಸಣ್ಣ ಚಮಚ ಪುಡಿ ಉಪ್ಪು ನನ್ನ ಲೆಕ್ಕ. ನಿಮ್ಮ ಮನೆಯ ಚಮಚಕ್ಕೂ ನಾಲಿಗೆಗೂ ಎಷ್ಟು ಸರಿಹೊಂದುತ್ತದೆ ಎಂದು ಹಬ್ಬದ ಹಿಂದಿನ ವಾರ ಯಾವುದಾದರೂ ಒಂದು ದಿನ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ; ಪುಸ್ತಕದಲ್ಲಿ ಬರೆದರೆ ಅದು ಸರಸ್ವತಿ ಪೂಜೆಗೆ ಹೋಗಿರುತ್ತದೆ.

ನೈವೇದ್ಯಕ್ಕೆ ನಾಲ್ಕು ಆಂಬೊಡೆ ಕರಿದು, ಉಳಿದವನ್ನು ಊಟಕ್ಕೆ ಬಂದವರು ಕೈಕಾಲು ತೊಳೆಯುವಾಗ ಕರಿಯಿರಿ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿ, ಉಪ್ಪಿನಿಂದ ಮೊದಲುಮಾಡಿ ಬಡಿಸುತ್ತ ಬರಬೇಕು. ಹೋಳಿಗೆಗೆ ತುಪ್ಪವನ್ನು ಮಾತ್ರ ಮನೆಯ ಹಿರಿಯರೇ ಬಡಿಸುವುದು ಚೆಂದ, ಚಿಕ್ಕವರ ಕೈ ಅಂಜುತ್ತದೆ.

ಉಳಿದ ಚಿತ್ರಾನ್ನ, ಕೋಸಂಬರಿಗಳನ್ನು ಸಂಜೆಯೊಳಗೆ ಖಾಲಿ ಮಾಡಿ. ಕಾಯಿ ಹಾಕಿದ್ದು ಈ ಸೆಕೆಗೆ ತಡೆಯುವುದಿಲ್ಲ. ಸಾರನ್ನು ಕುದಿಸಿ, ತಣಿಸಿ ಫ್ರಿಜ್ಜಿನಲ್ಲಿಡಿ. ದಶಮಿಯ ಬೆಳಿಗ್ಗೆ ಪೂಜೆ ಮುಗಿಯುವವರೆಗೆ ಈಳಿಗೆಮಣೆ ಇನ್ನೂ ಕೈಗೆ ಸಿಗುವುದಿಲ್ಲವಾದ್ದರಿಂದ ಅಂದಿನ ತಿಂಡಿಗೆಂದು ಹತ್ತು ಹೋಳಿಗೆಯನ್ನು ನಾನು ಹಿಂದಿನ ದಿನವೇ ಯಾರಿಗೂ ಕಾಣದಂತೆ ಎತ್ತಿಟ್ಟಿರುತ್ತೇನೆ. ಕಾವಲಿಗೆ ತುಪ್ಪ ಸವರಿ ಅಂಚು ಗರಿಯಾಗುವವರೆಗೆ ಬಿಸಿ ಮಾಡಿ, ಪಕ್ಕದಲ್ಲಿ ಒಂದು ಲೋಟ ಹಾಲು ಇಟ್ಟರೆ ಸಾಕು.