ಕೋಟೆ ನೋಡಿ, ಅದರ ಬುಡದ ಹಳ್ಳಿಯಲ್ಲೇ ಒಂದು ರಾತ್ರಿ ಇರಿ

ಇಂಗ್ಲೆಂಡಿನ ಹಳ್ಳಿ, ಕೋಟೆ ನೋಡೋಕೆ ಬರುವವರ ಪ್ಲಾನು ಹೆಚ್ಚುಕಡಿಮೆ ಒಂದೇ ಥರ. ಬೆಳಿಗ್ಗೆ ಲಂಡನ್ನಿನಲ್ಲಿ ಕೋಚ್ ಹತ್ತುವುದು, ಕಾಟ್ಸ್‌ವೋಲ್ಡ್ಸ್ ಕಡೆ ಮೂರು ಹಳ್ಳಿಯಲ್ಲಿ ಇಳಿದು ಹತ್ತುವುದು, ದಾರಿಯಲ್ಲಿ ಒಂದು ಕೋಟೆ, ರಾತ್ರಿ ವಾಪಸ್. ನಾನು ಹೇಳುವುದು ಬೇರೆ. ಒಂದು ಕೋಟೆ, ಅದರ ಪಕ್ಕದ ಒಂದು ಹಳ್ಳಿ, ಎರಡನ್ನೂ ಜೋಡಿಯಾಗಿ ನೋಡಿ. ರಾತ್ರಿ ಅಲ್ಲೇ ಉಳಿಯಿರಿ. ಕೋಟೆ ಕಟ್ಟಿದವರ ಕಥೆ, ಅದರ ನೆರಳಲ್ಲಿ ಬದುಕಿದವರ ಕಥೆ, ಅದು ಬಿದ್ದ ಮೇಲೆ ಕಲ್ಲು ಹೊತ್ತೊಯ್ದವರ ಕಥೆ, ಎಲ್ಲ ಒಂದೇ ಕಡೆ ಸಿಗುತ್ತದೆ.

ನಾನು ಇಲ್ಲೇ ಕೆಲಸ ಮಾಡುವ ಕಟ್ಟಡದ ಎಂಜಿನಿಯರ್. ಹಳೇ ಗೋಡೆ ಕಂಡರೆ ಮುಟ್ಟಿ ನೋಡದೆ ಮುಂದೆ ಹೋಗುವವಳಲ್ಲ. ಬೇಸಿಗೆಯಲ್ಲಿ ಅತ್ತೆ ಬಂದಾಗ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಮಂಡಿ ನೋವು, ಊಟ ಪೂರ್ತಿ ಸಸ್ಯಾಹಾರ. ಇವೆರಡನ್ನೂ ಗಮನದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಕಾರ್ಫ್

ಒಂದೇ ಜೋಡಿ ನೋಡಲು ಸಮಯ ಇದೆ ಅಂದರೆ ಡಾರ್ಸೆಟ್‌ನ ಕಾರ್ಫ್ ಕೋಟೆಗೆ ಹೋಗಿ. ಲಂಡನ್ ವಾಟರ್‌ಲೂನಿಂದ ವೇರಮ್ ತನಕ ರೈಲು, ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಬಸ್. ಕಾರಿನಲ್ಲಿ ಬಂದರೆ ಹಳ್ಳಿಯ ಒಳಗೆ ಜಾಗ ಹುಡುಕಬೇಡಿ. ಸ್ವಲ್ಪ ಮೊದಲೇ ನಾರ್ಡನ್ ಅನ್ನುವ ಕಡೆ ನಿಲ್ಲಿಸಿ, ಅಲ್ಲಿಂದ ಸ್ವಾನೇಜ್ ರೈಲ್ವೆಯ ಹಬೆ ರೈಲಿನಲ್ಲಿ ಒಂದೇ ಸ್ಟೇಷನ್ ಬನ್ನಿ. ಬಂಡಿ ತಿರುವು ತೆಗೆದುಕೊಳ್ಳುವಾಗ ಗುಡ್ಡದ ಮೇಲಿನ ಮುರಿದ ಗೋಪುರಗಳು ಕಣ್ಣೆದುರಿಗೆ ಬರುತ್ತವೆ.

ಈ ಕೋಟೆ ಕಾಲ ಸವೆಸಿ ಬಿದ್ದದ್ದಲ್ಲ, ಬೇಕೆಂದೇ ಒಡೆದದ್ದು. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಕಾರ್ಫ್ ಆಗ ರಾಜನ ಕಡೆಯ ಬ್ಯಾಂಕ್ಸ್ ಮನೆತನದ್ದು. ಗಂಡ ಊರಲ್ಲಿಲ್ಲದಾಗ ಲೇಡಿ ಮೇರಿ ಬ್ಯಾಂಕ್ಸ್ 1643ರ ಮುತ್ತಿಗೆಯನ್ನು ಎದುರಿಸಿ ಕೋಟೆ ಉಳಿಸಿಕೊಂಡರು. ಎರಡನೇ ಮುತ್ತಿಗೆಯಲ್ಲಿ, 1646ರಲ್ಲಿ, ಒಳಗಿನವರೇ ದ್ರೋಹ ಮಾಡಿ ಕೋಟೆ ಕೈಬಿಟ್ಟಿತು. ಇನ್ನು ಮುಂದೆ ಯಾರೂ ಇದನ್ನು ಬಳಸಬಾರದು ಅಂತ ಪಾರ್ಲಿಮೆಂಟ್ ಕೆಡವಲು ಆಜ್ಞೆ ಮಾಡಿತು. ಬುಡ ಅಗೆದರು, ಮದ್ದು ಇಟ್ಟು ಸಿಡಿಸಿದರು. ಕೆನಿಲ್‌ವರ್ತ್ ಸೇರಿದಂತೆ ಇಂಗ್ಲೆಂಡಿನ ಎಷ್ಟೋ ಕೋಟೆಗಳು ಪಾಳಾಗಿರುವುದಕ್ಕೆ ಇದೇ ಕಾರಣ.

ಒಳಗೆ ಹೋದ ಮೇಲೆ ನೈರುತ್ಯದ ಬಾಗಿಲ ಬಳಿ ನಿಲ್ಲಿ. ಬಾಗಿಲ ಎರಡು ಕಡೆಯ ಗೋಪುರಗಳಲ್ಲಿ ಒಂದು ಇಡಿಯಾಗಿ ಕೆಳಕ್ಕೆ ಜಾರಿದೆ, ಆದರೂ ನೆಟ್ಟಗೆ ನಿಂತಿದೆ. ನಡುವಿನ ಕಮಾನು ಸೀಳಿ, ಅದರ ಎರಡು ತುಂಡುಗಳ ಮಟ್ಟವೇ ಬೇರೆಬೇರೆ ಆಗಿದೆ. ಬುಡದ ಮಣ್ಣು ತೆಗೆದರೆ ಗೋಡೆಗೆ ಏನಾಗುತ್ತದೆ ಅಂತ ಇಷ್ಟು ಸ್ಪಷ್ಟವಾಗಿ ನಾನು ಇನ್ನೆಲ್ಲೂ ನೋಡಿಲ್ಲ. ಗಾರೆಯ ಗಟ್ಟಿತನ ನೋಡಿ! ಅಷ್ಟು ದೊಡ್ಡ ಗೋಪುರ ಜಾರಿದರೂ ಪುಡಿಯಾಗಲಿಲ್ಲ.

ಆಮೇಲೆ ಗೋಡೆಗಳ ಕೆಳಭಾಗ ನೋಡುತ್ತಾ ಹೋಗಿ. ಕೋಟೆಯ ಗೋಡೆಗೆ ಹೊರಗೆ ಚೆನ್ನಾಗಿ ಕೆತ್ತಿದ ಕಲ್ಲು, ಒಳಗೆ ಗಾರೆಯಲ್ಲಿ ಕಲಸಿದ ಚಿಕ್ಕಪುಟ್ಟ ಕಲ್ಲು ಇರುತ್ತದೆ. ಕೈಗೆ ಎಟುಕುವ ಎತ್ತರದಲ್ಲಿ ಕೆತ್ತಿದ ಕಲ್ಲು ಮಾಯ, ಒರಟು ಹೊಟ್ಟೆ ಮಾತ್ರ ಕಾಣುತ್ತಿದೆ ಅಂದರೆ ಜನ ಬಿಚ್ಚಿಕೊಂಡು ಹೋಗಿದ್ದಾರೆ ಅಂತ ಅರ್ಥ. ಎಲ್ಲಿಗೆ? ಗುಡ್ಡ ಇಳಿದು ಹಳ್ಳಿಗೆ ಬನ್ನಿ. ಅದೇ ಪರ್ಬೆಕ್ ಸುಣ್ಣಕಲ್ಲಿನ ಮನೆಗಳು ಸಾಲಾಗಿ ನಿಂತಿವೆ. ಸೂರಿನ ಮೇಲೂ ಕಲ್ಲಿನ ಹಲಗೆಯೇ. ಕೋಟೆ ಬಿದ್ದ ಮೇಲೆ ಅದರ ಕಲ್ಲು ಇಲ್ಲಿನ ಮನೆಗಳಿಗೆ ಬಂತು. ಸಾಧಾರಣ ಮನೆಯ ಒರಟು ಗೋಡೆಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ನುಣುಪಾದ ಚೌಕ ಕಲ್ಲು ಕಂಡರೆ ನಾನು ತಿರುಗಿ ಗುಡ್ಡ ನೋಡುತ್ತೇನೆ. ಕೋಟೆ ಮತ್ತು ಹಳ್ಳಿ ಒಟ್ಟಿಗೆ ನೋಡಿ ಅಂತ ನಾನು ಹಟ ಮಾಡುವುದು ಇದಕ್ಕೇ.

ಕೋಟೆಯ ದಾರಿ ಏರು, ಕಲ್ಲು ಹಾಸಿನದು. ಅತ್ತೆ ಮೊದಲ ಅಂಗಳದ ತನಕ ಬಂದು ಬೆಂಚಿನ ಮೇಲೆ ಕೂರುತ್ತಾರೆ, ಅಲ್ಲಿಂದಲೇ ಸುತ್ತಲಿನ ಗುಡ್ಡಸಾಲು ಕಾಣುತ್ತದೆ. ಸಂಜೆ ಐದರ ಮೇಲೆ ದಿನದ ಪ್ರವಾಸಿಗಳು ಹೊರಡುತ್ತಾರೆ. ಜೂನ್‌ನಲ್ಲಿ ಒಂಬತ್ತು ದಾಟಿದರೂ ಬೆಳಕು ಇರುತ್ತದೆ. ಆ ನಾಲ್ಕು ಗಂಟೆ ಹಳ್ಳಿಯಲ್ಲಿ ಸುಮ್ನೆ ಓಡಾಡಿ. ರಾತ್ರಿ ಅಲ್ಲೇ ಇರುವವರಿಗೆ ಮಾತ್ರ ಅದು ಸಿಗುವುದು.

ಪಾಳು ಕೋಟೆಯನ್ನು ಓದುವುದು ಹೇಗೆ

ಸೂರಿಲ್ಲದ ನಾಲ್ಕು ಗೋಡೆ ನೋಡಿ ಮಕ್ಕಳಿಗೆ ಬೇಜಾರಾಗುತ್ತದೆ, ಅಲ್ವಾ? ಅವರಿಗೆ ಗುರುತು ಹುಡುಕುವ ಕೆಲಸ ಕೊಡಿ. ಗೋಡೆಯಲ್ಲಿ ಒಂದೇ ಮಟ್ಟದಲ್ಲಿ ಸಾಲಾಗಿ ಚೌಕ ತೂತುಗಳಿದ್ದರೆ ಅಲ್ಲಿ ಮರದ ತೊಲೆಗಳಿದ್ದವು, ಅಂದರೆ ಅದು ಒಂದು ಮಹಡಿ. ಅದರ ಮೇಲೆ ಗಾಳಿಯಲ್ಲಿ ನೇತಾಡುವಂತೆ ಕಾಣುವ ಬೆಂಕಿಗೂಡು ಆ ಮಹಡಿಯ ಕೋಣೆಯದು. ಹೊರಗೋಡೆಯಿಂದ ಸ್ವಲ್ಪ ಮುಂದೆ ಚಾಚಿದ ಪುಟ್ಟ ಗೂಡು, ಕೆಳಗೆ ತೂತು ಇದ್ದರೆ ಅದು ಕಕ್ಕಸು. ಬಾಗಿಲ ಎರಡು ಪಕ್ಕ ಮೇಲಿಂದ ಕೆಳಗೆ ನೇರ ತೋಡು ಕೊರೆದಿದ್ದರೆ ಅಲ್ಲಿ ಮೇಲಿಂದ ಇಳಿಬಿಡುವ ಜಾಲರಿ ಬಾಗಿಲಿತ್ತು. ತೆಳ್ಳಗಿನ ಬಾಣದ ಕಿಂಡಿಯನ್ನು ಒಳಗಿನಿಂದ ನೋಡಿ, ಬಿಲ್ಲುಗಾರ ನಿಲ್ಲಲು ಗೋಡೆಯನ್ನು ಎಷ್ಟು ಅಗಲವಾಗಿ ಬಿಡಿಸಿದ್ದಾರೆ ಗೊತ್ತಾಗುತ್ತದೆ.

ಸುರುಳಿ ಮೆಟ್ಟಿಲು ಕಿರಿದು, ಮಧ್ಯ ಸವೆದಿರುತ್ತದೆ. ಅಗಲ ಇರುವ ಹೊರ ಅಂಚಿನ ಕಡೆಯೇ ಕಾಲಿಡಿ. ಎದುರಿಂದ ಜನ ಬರುತ್ತಿದ್ದರೆ ಕೆಳಗೇ ನಿಂತು ಕಾಯಿರಿ. ಮಳೆ ಬಂದ ದಿನ ಇದು ಜಾರುತ್ತದೆ, ಒಳ್ಳೆ ಹಿಡಿತದ ಶೂ ಬೇಕೇ ಬೇಕು.

ಮೆಟ್ಟಿಲು ಆಗದವರಿಗೆ ಈಸ್ಟ್ ಸಸೆಕ್ಸ್‌ನ ಬೋಡಿಯಂ ಒಳ್ಳೆಯದು. ಸರ್ ಎಡ್ವರ್ಡ್ ಡ್ಯಾಲಿಂಗ್ರಿಜ್ 1385ರಲ್ಲಿ ರಾಜನ ಅನುಮತಿ ಪಡೆದು ಕಟ್ಟಿಸಿದ್ದು. ಸುತ್ತ ಅಗಲವಾದ ಕಂದಕ, ತುಂಬಾ ನೀರು. ಒಳಗೆ ಹತ್ತದೆ ಕಂದಕದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರೂ ಅದರ ಸೊಗಸು ಸಿಗುತ್ತದೆ. ಟೆಂಟರ್‌ಡನ್‌ನಿಂದ ಇಲ್ಲಿಗೂ ಹಳೇ ಹಬೆ ರೈಲು ಇದೆ.

ಉಣ್ಣೆಯ ದುಡ್ಡು

ಚೆಂದದ ಹಳ್ಳಿಗಳ ಹಿಂದೆ ಹೆಚ್ಚಾಗಿ ಇರುವುದು ಉಣ್ಣೆ. ಮಧ್ಯಯುಗದಲ್ಲಿ ಇಂಗ್ಲೆಂಡಿನ ಉಣ್ಣೆ, ಬಟ್ಟೆ ಯುರೋಪಿಗೆಲ್ಲ ಹೋಗುತ್ತಿತ್ತು. ಆ ದುಡ್ಡಿನಲ್ಲಿ ದೊಡ್ಡ ಚರ್ಚು, ಸಂತೆ ಕಟ್ಟೆ, ವ್ಯಾಪಾರಿಗಳ ಮನೆ ಎದ್ದವು. ಆಮೇಲೆ ವ್ಯಾಪಾರ ಬೇರೆ ಕಡೆ ಹೋಯಿತು. ಮನೆ ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಹಳೆಯದೇ ಉಳಿಯಿತು.

ಸಫಕ್‌ನ ಲ್ಯಾವನಮ್ ಇದಕ್ಕೆ ನನ್ನ ಮೊದಲ ಆಯ್ಕೆ. 16ನೇ ಶತಮಾನದ ಶುರುವಿನಲ್ಲಿ ಅದು ಇಂಗ್ಲೆಂಡಿನ ಶ್ರೀಮಂತ ಊರುಗಳ ಸಾಲಿನಲ್ಲಿತ್ತು. ಮರದ ಚೌಕಟ್ಟಿನ ಮನೆಗಳು ಓರೆಯಾಗಿ ಒಂದಕ್ಕೊಂದು ಒರಗಿಕೊಂಡಿವೆ. ಹಸಿ ಓಕ್ ಮರದಲ್ಲೇ ಕಟ್ಟುತ್ತಿದ್ದರು, ಒಣಗುತ್ತಾ ಅದು ತಿರುಚಿಕೊಂಡಿತು. ತೊಲೆಗಳು ಸೇರುವ ಕಡೆ ಮರದ ಗೂಟ ಹೊಡೆದಿರುತ್ತಾರೆ, ಹತ್ತಿರ ಹೋಗಿ ನೋಡಿ. ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಫ್ರ್ಯಾಮ್ಲಿಂಗಮ್ ಕೋಟೆ. 13 ಗೋಪುರಗಳ ಪೌಳಿಗೋಡೆಯ ಮೇಲೆ ಸುತ್ತ ನಡೆಯಬಹುದು. 1553ರಲ್ಲಿ ಮೇರಿ ಟ್ಯೂಡರ್ ತನ್ನ ಬೆಂಬಲಿಗರನ್ನು ಕೂಡಿಸಿಕೊಂಡು ರಾಣಿಯಾಗಲು ಹೊರಟದ್ದು ಇಲ್ಲಿಂದಲೇ.

ಶ್ರಾಪ್‌ಶೈರ್‌ನ ಸ್ಟೋಕ್ಸೆಯಲ್ಲಿ ಉಣ್ಣೆ ವ್ಯಾಪಾರಿಯೇ ಕೋಟೆ ಕಟ್ಟಿಕೊಂಡ. ಲಡ್‌ಲೋದ ಲಾರೆನ್ಸ್ ಅನ್ನುವವನು 13ನೇ ಶತಮಾನದ ಕೊನೆಗೆ ಕಟ್ಟಿಸಿದ ಮನೆ ಅದು. ಗೋಪುರ ಇದೆ, ಆದರೆ ಹಜಾರಕ್ಕೆ ದೊಡ್ಡ ದೊಡ್ಡ ಕಿಟಕಿ. ಯುದ್ಧಕ್ಕಿಂತ ಅಂತಸ್ತು ತೋರಿಸಲು ಕಟ್ಟಿದ್ದು ಅಂತ ನೋಡಿದ ಕೂಡಲೇ ಹೊಳೆಯುತ್ತದೆ. ಹಜಾರದ ಹಳೇ ಮರದ ಚಾವಣಿ ನೋಡಲು ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತೇನೆ. ಕ್ರೇವನ್ ಆರ್ಮ್ಸ್ ರೈಲು ಸ್ಟೇಷನ್ನಿನಿಂದ ಸುಮಾರು ಒಂದು ಮೈಲಿ. ರಾತ್ರಿಗೆ ಲಡ್‌ಲೋ ಪಟ್ಟಣ.

ಕಾಟ್ಸ್‌ವೋಲ್ಡ್ಸ್ ಬೇಡ ಅಂತಲ್ಲ. ಬೈಬರಿಯ ಆರ್ಲಿಂಗ್ಟನ್ ರೋ ಮನೆಸಾಲು ನಿಜಕ್ಕೂ ಚೆಂದ. 14ನೇ ಶತಮಾನದಲ್ಲಿ ಉಣ್ಣೆ ಇಡಲು ಕಟ್ಟಿದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಯಾಯಿತು. ಆದರೆ ಮಧ್ಯಾಹ್ನ ಹೋದರೆ ಜನರ ಬೆನ್ನು ಮಾತ್ರ ಕಾಣುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಉಳಿಯಲು ಚಿಪ್ಪಿಂಗ್ ಕ್ಯಾಂಪ್‌ಡನ್ ನನಗೆ ಇಷ್ಟ. 1627ರ ಸಂತೆ ಕಟ್ಟೆ ಬೀದಿಯ ಮಧ್ಯೆ ಇನ್ನೂ ನಿಂತಿದೆ, ಒಳಗೆ ಹೋಗಿ ಕೂರಬಹುದು. ಕಾರಿಲ್ಲದಿದ್ದರೆ ಲಂಡನ್ ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಷ್ ತನಕ ರೈಲು, ಮುಂದೆ ಬಸ್. ಭಾನುವಾರ ಹಳ್ಳಿ ಬಸ್ಸು ತುಂಬಾ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ.

ಯಾವ ಹಳ್ಳಿಗೆ ಹೋದರೂ ಮೊದಲು ಚರ್ಚಿಗೆ ಹೋಗಿ. ಹಗಲು ಹೊತ್ತು ಸಾಮಾನ್ಯವಾಗಿ ತೆರೆದಿರುತ್ತದೆ, ದುಡ್ಡು ಕೇಳುವುದಿಲ್ಲ, ಕಾಣಿಕೆ ಡಬ್ಬಿ ಇರುತ್ತದೆ. ಬಾಗಿಲ ಕಬ್ಬಿಣದ ಬಳೆ ತಿರುಗಿಸಿ ತಳ್ಳಿ, ಒಳಗೆ ಹೋಗಿ ಮುಚ್ಚಿ. ಅರ್ಧಚಂದ್ರದ ಕಮಾನು ಇದ್ದರೆ ನಾರ್ಮನ್ ಕಾಲದ್ದು, ಸುಮಾರು 1200ಕ್ಕಿಂತ ಹಿಂದಿನದು. ಮೊನಚು ಕಮಾನು ಆಮೇಲಿನದು. ಎಷ್ಟೋ ಕಡೆ ಗೋಡೆಯ ಮೇಲೆ ಅಲ್ಲಿನ ಪಾದ್ರಿಗಳ ಹೆಸರಿನ ಹಲಗೆ ಇರುತ್ತದೆ, ನೂರಾರು ವರ್ಷ ಹಿಂದಿನಿಂದ. 1348–49ರ ಮಹಾ ಪ್ಲೇಗಿನ ಸಮಯದಲ್ಲಿ ಹೆಸರುಗಳು ಬೇಗಬೇಗ ಬದಲಾಗಿವೆಯಾ ನೋಡಿ.

ಈ ಹಳ್ಳಿಗಳಲ್ಲಿ ಜನ ಬದುಕುತ್ತಿದ್ದಾರೆ. ಕಿಟಕಿಗೆ ಕಣ್ಣು ಹಚ್ಚುವುದು, ಅವರ ಹೊಸ್ತಿಲಲ್ಲಿ ಕೂತು ಫೋಟೋ ತೆಗೆಯುವುದು ಬೇಡ.

ಟಿಕೆಟ್, ಕಾರು, ನಕ್ಷೆ

ಕೋಟೆ ಯಾರದು ಅಂತ ಮೊದಲೇ ನೋಡಿ. ಹಳೇ ಜಾಗಗಳನ್ನು ಕಾಯುವ ದೊಡ್ಡ ಸಂಸ್ಥೆಗಳು ಎರಡು, ಇಂಗ್ಲಿಷ್ ಹೆರಿಟೇಜ್ ಮತ್ತು ನ್ಯಾಷನಲ್ ಟ್ರಸ್ಟ್. ಕೆನಿಲ್‌ವರ್ತ್, ಸ್ಟೋಕ್ಸೆ, ಫ್ರ್ಯಾಮ್ಲಿಂಗಮ್, ಡೋವರ್ ಇವು ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುವುದು. ಕಾರ್ಫ್, ಬೋಡಿಯಂ, ಲ್ಯಾವನಮ್ಮಿನ ಗಿಲ್ಡ್‌ಹಾಲ್ ನ್ಯಾಷನಲ್ ಟ್ರಸ್ಟ್‌ನವು. ಒಂದರ ಪಾಸು ಇನ್ನೊಂದರಲ್ಲಿ ನಡೆಯುವುದಿಲ್ಲ. ವಾರಿಕ್, ಬ್ಯಾಂಬರ, ಆನಿಕ್, ಲಡ್‌ಲೋ ಕೋಟೆಗಳಿಗೆ ಎರಡೂ ನಡೆಯುವುದಿಲ್ಲ. ಇಂಗ್ಲಿಷ್ ಹೆರಿಟೇಜ್‌ನಲ್ಲಿ ಹೊರದೇಶದವರಿಗೆ 9 ದಿನ, 16 ದಿನದ ಪಾಸು ಸಿಗುತ್ತದೆ. ಅವರ 400ಕ್ಕೂ ಹೆಚ್ಚು ಜಾಗಗಳಲ್ಲಿ ಹಲವು ಪೂರ್ತಿ ಉಚಿತ, ಹಾಗಾಗಿ ದುಡ್ಡು ಕೇಳುವ ಕೋಟೆ ಎಷ್ಟು ನೋಡುತ್ತೀರಿ ಅಂತ ಎಣಿಸಿ ಆಮೇಲೆ ಪಾಸು ಕೊಳ್ಳಿ. ಟಿಕೆಟ್ ಕೌಂಟರಿನಲ್ಲಿ ಗಿಫ್ಟ್ ಏಡ್ ಅಂತ ಕೇಳಿದರೆ, ಅದು ಕೊಟ್ಟ ದೇಣಿಗೆಯ ಮೇಲಿನ ತೆರಿಗೆಯನ್ನು ಸಂಸ್ಥೆ ಸರ್ಕಾರದಿಂದ ವಾಪಸ್ ಪಡೆಯುವ ವ್ಯವಸ್ಥೆ, ಇಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ನೀವು ಸಾಮಾನ್ಯ ದರ ಕೊಡಿ. ನವೆಂಬರ್‌ನಿಂದ ಮಾರ್ಚ್ ತನಕ ಹಲವು ಕೋಟೆಗಳು ಶನಿವಾರ, ಭಾನುವಾರ ಮಾತ್ರ ತೆರೆಯುತ್ತವೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಕತ್ತಲು.

ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳ ತನಕ ಕಾರು ಓಡಿಸಬಹುದು. ಎಡಗಡೆಯೇ ಓಡಿಸುವುದು, ಅದು ಸುಲಭ. ಕಷ್ಟ ಇರುವುದು ಹಳ್ಳಿ ದಾರಿಯಲ್ಲಿ. ಎರಡು ಕಡೆ ಎತ್ತರದ ಬೇಲಿ, ಒಂದೇ ಕಾರಿನ ಅಗಲ. ಅಲ್ಲಲ್ಲಿ ಬದಿಗೆ ಸರಿಯಲು ಜಾಗ ಬಿಟ್ಟಿರುತ್ತಾರೆ. ಎದುರಿಗೆ ಗಾಡಿ ಬಂದರೆ ಆ ಜಾಗಕ್ಕೆ ಯಾರು ಹತ್ತಿರವೋ ಅವರು ನಿಲ್ಲುವುದು, ದಾಟಿದವರು ಕೈ ಎತ್ತಿ ಥ್ಯಾಂಕ್ಸ್ ಹೇಳುವುದು. ಬಿಳಿ ವೃತ್ತದಲ್ಲಿ ಕಪ್ಪು ಅಡ್ಡಗೆರೆಯ ಬೋರ್ಡು ಇಂಥ ದಾರಿಯಲ್ಲಿ ಗಂಟೆಗೆ 60 ಮೈಲಿ ಅನ್ನುತ್ತದೆ. ಅದು ಗರಿಷ್ಠ ಮಿತಿ ಅಷ್ಟೇ, ತಿರುವಿನಲ್ಲಿ 25 ಕೂಡ ಜಾಸ್ತಿ. ಪೋಸ್ಟ್‌ಕೋಡ್ ಹಾಕಿದ ಫೋನು ಕೆಲವೊಮ್ಮೆ ಯಾರದೋ ಜಮೀನಿನ ಗೇಟಿಗೆ ಕರೆದೊಯ್ಯುತ್ತದೆ. ಹತ್ತಿರ ಬಂದ ಮೇಲೆ ಕಂದು ಬಣ್ಣದ ಬೋರ್ಡುಗಳನ್ನು ನಂಬಿ.

ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಕಾಗದದ ನಕ್ಷೆ ಒಂದು ಕೊಳ್ಳಿ. ಹೊಲದ ನಡುವೆ ಸಾರ್ವಜನಿಕರು ನಡೆಯುವ ಹಕ್ಕಿನ ಕಾಲುದಾರಿ ಎಲ್ಲ ಅದರಲ್ಲಿದೆ. ಹಳೇ ಕೋಟೆ, ದಿಬ್ಬಗಳ ಹೆಸರು ಹಳೇ ಶೈಲಿಯ ಅಲಂಕಾರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲದ ಎಷ್ಟೋ ಜಾಗ ನನಗೆ ಸಿಕ್ಕಿದ್ದು ಹೀಗೆ. ನಡೆಯುವಾಗ ಕಾಲುದಾರಿ ತೋರಿಸುವ ಹಳದಿ ಬಾಣದ ಗುರುತು ಹಿಡಿದು ಹೋಗಿ. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಕರು ಜೊತೆಗಿರುವ ಹಸುವಿನಿಂದ ದೂರ ಇರಿ.

ಊಟದ ಸಮಯ ಮರೆಯಬೇಡಿ. ಹಳ್ಳಿ ಪಬ್ಬಿನ ಅಡುಗೆಮನೆ ಹೆಚ್ಚಾಗಿ ಎರಡು, ಎರಡೂವರೆಗೆ ಮುಚ್ಚಿ ಸಂಜೆ ಆರಕ್ಕೆ ತೆರೆಯುತ್ತದೆ. ಮೇಜಿನ ನಂಬರ್ ನೋಡಿಕೊಂಡು ಬಾರ್‌ನಲ್ಲಿ ಆರ್ಡರ್ ಕೊಡಬೇಕು. ಅತ್ತೆ ತಿನ್ನುವುದು ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್. ಮಧ್ಯಾಹ್ನ ಟೀ ಜೊತೆ ಸ್ಕೋನ್ ಅನ್ನುವ ಪುಟ್ಟ ಬನ್ನು, ಗಟ್ಟಿ ಕೆನೆ, ಜಾಮ್. ಚಿಪ್ಸ್‌ನ್ನು ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಸೂಪಿಗೆ ಮಾಂಸದ ರಸ ಹಾಕಿರಬಹುದು. ಕೇಳಿಯೇ ತಿನ್ನಿ, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರ್ನಾಲ್ಕು ದಿನ ಜಾಸ್ತಿ ಇದ್ದರೆ ಉತ್ತರಕ್ಕೆ, ನಾರ್ತಂಬರ್ಲೆಂಡ್ ಕರಾವಳಿಗೆ ಹೋಗಿ. ಬ್ಯಾಂಬರ ಹಳ್ಳಿ ಕೋಟೆಯ ಬಂಡೆಯ ಬುಡದಲ್ಲೇ ಇದೆ. 1464ರಲ್ಲಿ ಫಿರಂಗಿ ಏಟಿಗೆ ಇಂಗ್ಲೆಂಡಿನಲ್ಲಿ ಮೊದಲು ಸೋತ ಕೋಟೆ ಅದು. ಕ್ರಾಸ್ಟರ್ ಹಳ್ಳಿಯಿಂದ ಡನ್‌ಸ್ಟನ್‌ಬರ ಕೋಟೆಗೆ ಸಮುದ್ರದ ಅಂಚಿನಲ್ಲಿ ಒಂದೂಕಾಲು ಮೈಲಿಗೂ ಸ್ವಲ್ಪ ಜಾಸ್ತಿ ನಡೆಯಬೇಕು, ಕಾರು ಹೋಗುವುದಿಲ್ಲ. ಹುಲ್ಲಿನ ದಾರಿ, ಗಾಳಿ ಜೋರು. ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ಮಾತ್ರ ದಿನಕ್ಕೆ ಎರಡು ಸಲ ಸಮುದ್ರದ ನೀರಲ್ಲಿ ಮುಳುಗುತ್ತದೆ. ಸುರಕ್ಷಿತವಾಗಿ ದಾಟುವ ಸಮಯವನ್ನು ಅಲ್ಲಿನ ಕೌಂಟಿ ಕೌನ್ಸಿಲ್ ದಿನದಿನಕ್ಕೂ ಪ್ರಕಟಿಸುತ್ತದೆ. ಆ ಪಟ್ಟಿ ನೋಡಿಯೇ ಆ ದಿನದ ಊಟ, ಕೋಟೆ, ರೂಮು ಎಲ್ಲ ನಿಗದಿ ಮಾಡಿ. ಮುಂದಿನ ಕಾರು ದಾಟಿತು ಅಂತ ನೀವು ಇಳಿಯಬೇಡಿ.